ನೊಂದವರ ಕಥೆ ಯಾರ ಸ್ವತ್ತು?

ಫೆಬ್ರವರಿ 8 ಸಂತ ಜೋಸೆಫಿನ್ ಬಖಿತಾ ಅವರ ಸ್ಮರಣೆಯ ದಿನ. 2015ರಿಂದ ಧರ್ಮಸಭೆಯು ಈ ದಿನವನ್ನು ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥನೆ ಹಾಗೂ ಜಾಗೃತಿಯ ಅಂತರರಾಷ್ಟ್ರೀಯ ದಿನವನ್ನಾಗಿ ಆಚರಿಸುತ್ತ ಬಂದಿದೆ. ಧರ್ಮಕೇಂದ್ರಗಳಲ್ಲಿ ವಿಶೇಷ ಬಲಿಪೂಜೆ, ಶಾಲೆಗಳಲ್ಲಿ ಭಾಷಣ, ಸಂತೆಯ ದಿನ ಬೀದಿನಾಟಕ, ಗೋಡೆಗೆ ಭಿತ್ತಿಪತ್ರ, ಇವೆಲ್ಲ ಆಚರಣೆಯ ಅಂಗಗಳು. ಇಂತಹ ಸಿದ್ಧತೆಗಳ ನಡುವೆ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ: ನಿಜವಾಗಿಯೂ ನೊಂದವರೊಬ್ಬರನ್ನು ಕರೆಸಿ ವೇದಿಕೆಯ ಮೇಲೆ ಮಾತನಾಡಿಸಿದರೆ ಜನರ ಮನಸ್ಸು ಕರಗುವುದಲ್ಲವೆ? ಸಲಹೆಯ ಹಿಂದಿನ ಉದ್ದೇಶ ಒಳ್ಳೆಯದೇ. ಆದರೆ ಯಾರ ಹೆಸರಿನಲ್ಲಿ ನಾವು ಆ ದಿನವನ್ನು ಆಚರಿಸುತ್ತೇವೆಯೋ ಆ ಸಂತರ ಬಾಳನ್ನು ಓದಿದವರು ಈ ಸಲಹೆಗೆ ತಟ್ಟನೆ ತಲೆಯಾಡಿಸಲಾರರು.

ಬಖಿತಾ ಸುಮಾರು 1869ರಲ್ಲಿ ಸುಡಾನಿನ ದಾರ್‌ಫುರ್ ಪ್ರಾಂತದಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲಿ ಗುಲಾಮರ ವ್ಯಾಪಾರಿಗಳು ಅವರನ್ನು ಅಪಹರಿಸಿದರು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾರಾಟವಾಗುತ್ತ ಹೋದ ಆ ಮಗುವಿಗೆ ತಾಯಿತಂದೆ ಇಟ್ಟ ಹೆಸರೇ ಮರೆತುಹೋಯಿತು. ‘ಬಖಿತಾ’ ಎಂದರೆ ಅರಬ್ಬಿಯಲ್ಲಿ ಅದೃಷ್ಟವಂತೆ. ಆ ಹೆಸರನ್ನು ಕೊಟ್ಟವರು ಅಪಹರಣಕಾರರು. ಒಡತಿಯೊಬ್ಬಳ ಆಜ್ಞೆಯಂತೆ ಅವರ ಮೈಮೇಲೆ ಅಲಗಿನಿಂದ ಗೀರಿ, ಗಾಯಕ್ಕೆ ಉಪ್ಪು ತುಂಬಿ ಅಳಿಸಲಾಗದ ಚಿತ್ತಾರಗಳನ್ನು ಮೂಡಿಸಲಾಗಿತ್ತು. ಮುಂದೆ ಇಟಲಿಗೆ ಬಂದು, ಅಲ್ಲಿನ ನ್ಯಾಯಾಲಯದಿಂದ 1889ರಲ್ಲಿ ಸ್ವತಂತ್ರಳೆಂದು ಘೋಷಿತರಾಗಿ, 1890ರಲ್ಲಿ ದೀಕ್ಷಾಸ್ನಾನ ಪಡೆದು ಕನೋಸ್ಸಾ ಸಭೆಯ ಕನ್ಯಾಸ್ತ್ರೀಯಾದರು. ಸ್ಕಿಯೋ ಎಂಬ ಊರಿನ ಮಠದಲ್ಲಿ ಅಡುಗೆ, ಹೊಲಿಗೆ, ಬಾಗಿಲು ಕಾಯುವ ಕೆಲಸ ಮಾಡಿಕೊಂಡು ಶಾಂತರಾಗಿದ್ದರು.

ಇಷ್ಟು ನಮ್ಮ ಮಕ್ಕಳಿಗೂ ಗೊತ್ತು. ಅಷ್ಟಾಗಿ ಹೇಳದಿರುವುದು ಮುಂದಿನದು. 1931ರಲ್ಲಿ ಅವರ ಜೀವನಕಥೆ ಇಟಾಲಿಯನ್ ಭಾಷೆಯಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಕೂಡಲೇ ಅವರು ಪ್ರಸಿದ್ಧರಾದರು. ಆಮೇಲಿನ ಕೆಲವು ವರ್ಷ, ಚೀನಾದಿಂದ ಮರಳಿದ್ದ ಇನ್ನೊಬ್ಬ ಕನ್ಯಾಸ್ತ್ರೀಯರ ಜೊತೆಗೆ, ಧರ್ಮಪ್ರಚಾರದ ನಿಧಿ ಹಾಗೂ ಉತ್ಸಾಹ ಕೂಡಿಸಲೆಂದು ಇಟಲಿಯ ಊರೂರಿಗೂ ಹೋಗಬೇಕಾಯಿತು. ಸಭಾಂಗಣಗಳು ತುಂಬುತ್ತಿದ್ದವು. ಸ್ವಭಾವತಃ ಸಂಕೋಚದ ಬಖಿತಾ ಕೆಲವೇ ಮಾತು ಹೇಳಿ ಕುಳಿತುಬಿಡುತ್ತಿದ್ದರು. ಉಳಿದ ಕಥೆಯನ್ನು ಜೊತೆಗಿದ್ದವರು ಹೇಳುತ್ತಿದ್ದರು. ಜನ ಬಂದಿದ್ದು ಕೇಳುವುದಕ್ಕಿಂತ ಹೆಚ್ಚಾಗಿ ನೋಡುವುದಕ್ಕೆ. ವಿಧೇಯತೆಯ ವ್ರತ ತೊಟ್ಟಿದ್ದ ಅವರು ಆ ದಣಿವನ್ನೂ ದೇವರಿಗೆ ಅರ್ಪಿಸಿದರು. 2000ದ ಅಕ್ಟೋಬರ್ 1ರಂದು ಅವರನ್ನು ಸಂತರೆಂದು ಘೋಷಿಸಲಾಯಿತು. ಆದರೆ ಪ್ರದರ್ಶನಕ್ಕೆ ಗುರಿಯಾಗುವ ಸಂಕಟವನ್ನು ತಾಳಿಕೊಳ್ಳುವ ಶಕ್ತಿ ಸಂತರಿಗಿತ್ತೆಂದ ಮಾತ್ರಕ್ಕೆ, ಅದೇ ಸಂಕಟವನ್ನು ನಾವು ಕುಂದಗೋಳದ ಅಥವಾ ಕಲಘಟಗಿಯ ಬಡ ಹೆಣ್ಣುಮಗಳೊಬ್ಬಳ ಮೇಲೆ ಹೊರಿಸಬಹುದೆ?

ನೊಂದವರು ಬಾಯಿ ಬಿಟ್ಟು ಮಾತನಾಡಿದ್ದರಿಂದ ಸಮಾಜಕ್ಕೆ ಆದ ಉಪಕಾರ ಅಪಾರವೆಂಬುದರಲ್ಲಿ ಸಂದೇಹವಿಲ್ಲ. ದೂರದ ಉದಾಹರಣೆ ಬೇಕಿಲ್ಲ. ನಮ್ಮ ಜಿಲ್ಲೆಯಿಂದ ಹೆಚ್ಚು ದೂರವಿಲ್ಲದ ಸವದತ್ತಿಯ ಗುಡ್ಡಕ್ಕೆ ಹೆಣ್ಣುಮಕ್ಕಳನ್ನು ಬಿಡುವ, ಮುತ್ತು ಕಟ್ಟುವ ಪದ್ಧತಿಯನ್ನು ನಿಷೇಧಿಸಿ ರಾಜ್ಯ ಸರಕಾರ 1982ರಲ್ಲಿಯೇ ಕಾಯ್ದೆ ಮಾಡಿತ್ತು. ಕಾಯ್ದೆ ಬಂದರೂ ಪದ್ಧತಿ ಕದ್ದುಮುಚ್ಚಿ ನಡೆಯುತ್ತಲೇ ಇತ್ತು. 1993-94ರಲ್ಲಿ ಸರಕಾರ ನಡೆಸಿದ ಸಮೀಕ್ಷೆಯಲ್ಲಿ 22,873 ಮಹಿಳೆಯರನ್ನು ಗುರುತಿಸಲಾಗಿತ್ತು. 2007-08ರ ಸಮೀಕ್ಷೆಯಲ್ಲಿ ಆ ಸಂಖ್ಯೆ 46,660ಕ್ಕೆ ಏರಿತು. ಎಣಿಕೆ ಹೆಚ್ಚಿದ್ದಕ್ಕೆ ಮೊದಲ ಸಲ ಮುಚ್ಚಿಟ್ಟಿದ್ದ ಹಲವರು ಎರಡನೆಯ ಸಲ ಮುಂದೆ ಬಂದದ್ದೂ ಒಂದು ಕಾರಣವಿರಬೇಕೆಂಬುದು ನಮ್ಮ ಎಣಿಕೆ. ಹಾಗೆ ಮುಂದೆ ಬರುವ ಧೈರ್ಯವನ್ನು ಕೊಟ್ಟವರು ಅದೇ ನೋವನ್ನು ಉಂಡ ಹೆಣ್ಣುಮಕ್ಕಳು. ಮಾಜಿ ದೇವದಾಸಿಯರೇ ಸೇರಿ 1997ರಲ್ಲಿ ಘಟಪ್ರಭೆಯಲ್ಲಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅಂದರೆ ‘ಮಾಸ್’, ಊರೂರು ತಿರುಗಿ ಮುತ್ತು ಕಟ್ಟುವುದನ್ನು ತಡೆಯಿತು. ಅದರ ಮುಂದಾಳು ಸೀತವ್ವ ಜೋಡಟ್ಟಿ ಅವರನ್ನು ಏಳನೆಯ ವಯಸ್ಸಿನಲ್ಲಿಯೇ ದೇವಿಗೆ ಬಿಡಲಾಗಿತ್ತು. ತಮ್ಮ ಕಥೆಯನ್ನು ತಮ್ಮ ಹೆಸರಿನಲ್ಲಿ, ತಮ್ಮ ಬಾಯಿಯಿಂದ ಹೇಳುತ್ತ ಬಂದ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಸೀತವ್ವನವರ ಮಾತಿಗೆ ಬಲ ಬಂದದ್ದು ಎಲ್ಲಿಂದ ಎಂಬುದನ್ನು ಗಮನಿಸಬೇಕು. ಅವರ ಹಿಂದೆ ತಮ್ಮಂತಹ ಸಾವಿರಾರು ಮಹಿಳೆಯರ ಸಂಘವಿತ್ತು. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಯಾರ ಮುಂದೆ ಹೇಳಬಾರದು ಎಂಬುದು ಅವರ ಕೈಯಲ್ಲಿತ್ತು. ಹೇಳಿದ ಮೇಲೆ ಮನೆಗೆ ಹೋಗಿ ಒಬ್ಬಂಟಿಯಾಗಿ ಊರಿನ ನಾಲಿಗೆಯನ್ನು ಎದುರಿಸುವ ಸ್ಥಿತಿ ಇರಲಿಲ್ಲ. ಅದೇ ನೋವಿನ ಇನ್ನೊಬ್ಬ ಹೆಣ್ಣುಮಗಳನ್ನು, ಯಾವ ಸಂಘದ ಆಸರೆಯೂ ಇಲ್ಲದವಳನ್ನು, ಮೈಕಿನ ಮುಂದೆ ನಿಲ್ಲಿಸಿದರೆ ಮೇಲುನೋಟಕ್ಕೆ ಎರಡೂ ಒಂದೇ ಬಗೆಯ ‘ಸಾಕ್ಷ್ಯ’ವಾಗಿ ಕಾಣಬಹುದು. ಆದರೆ ಎರಡರ ನಡುವೆ ಅಜಗಜಾಂತರವಿದೆ.

‘ಹೆಸರು ಬದಲಿಸಲಾಗಿದೆ’

ಪತ್ರಿಕೆಗಳಲ್ಲಿ, ಸಂಘಸಂಸ್ಥೆಗಳ ವರದಿಗಳಲ್ಲಿ ಒಂದು ವಾಕ್ಯ ಸವೆದ ನಾಣ್ಯದಂತೆ ಬಳಕೆಯಲ್ಲಿದೆ: ಹೆಸರು ಬದಲಿಸಲಾಗಿದೆ. ದೊಡ್ಡ ನಗರದಲ್ಲಿ ಇದು ಒಂದಷ್ಟು ರಕ್ಷಣೆ ಕೊಡಬಹುದು. ಆದರೆ ನಮ್ಮ ಹಳ್ಳಿಗಳಲ್ಲಿ?

ಒಂದು ವರದಿಯನ್ನು ಊಹಿಸಿಕೊಳ್ಳೋಣ. ‘ನವಲಗುಂದದಲ್ಲಿ ಜಮಖಾನೆ ನೇಯುವ ಮಹಿಳೆ, ಮೂವರು ಹೆಣ್ಣುಮಕ್ಕಳ ತಾಯಿ, ಗಂಡ ದುಡಿಯಲು ಗೋವೆಗೆ ಹೋದವನು ಮರಳಿಲ್ಲ’ ಎಂದು ಬರೆದು, ಹೆಸರು ಬದಲಿಸಿ, ಮುಖಕ್ಕೆ ಮಸುಕು ಹಾಕಿ ಅಚ್ಚು ಮಾಡಿದರೆಂದು ಇಟ್ಟುಕೊಳ್ಳಿ. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಆ ಜಮಖಾನೆಯನ್ನು ಇಂದಿಗೂ ಮಗ್ಗಕ್ಕೆ ಹಾಕುವ ಮನೆಗಳು ಕೆಲವೇ ಕೆಲವು. ಓದಿದ ಊರಿನವರು ಮಧ್ಯಾಹ್ನದೊಳಗೆ ಅವಳ ಮನೆಯ ಬಾಗಿಲನ್ನು ಬೆರಳು ಮಾಡಿ ತೋರಿಸುತ್ತಾರೆ. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವ ಮನೆತನವೆಂದರೂ ಅಷ್ಟೇ. ಅಣ್ಣಿಗೇರಿಯ ಕಡೆಯ ಹಳ್ಳಿಯೊಂದರ ‘ಅಂಗನವಾಡಿ ಕಾರ್ಯಕರ್ತೆ’ ಎಂದರೆ ಹೆಸರು ಹೇಳಿದಂತೆಯೇ ಆಯಿತು. ಹೊರಗಿನ ಓದುಗನಿಗೆ ಅವಳು ಅಜ್ಞಾತಳು, ನಿಜ. ಆದರೆ ಅವಳಿಗೆ ಭಯವಿರುವುದು ಹೊರಗಿನವರದಲ್ಲ. ನಲ್ಲಿಗೆ ನೀರಿಗೆ ಹೋದಾಗ ಮಾತು ನಿಲ್ಲಿಸಿಬಿಡುವ ನೆರೆಯವರದು, ಮಗಳಿಗೆ ಬಂದ ಸಂಬಂಧವನ್ನು ಕಾರಣ ಹೇಳದೆ ಮುರಿದುಕೊಳ್ಳುವ ಬೀಗರದು. ಈಗಂತೂ ಹುಬ್ಬಳ್ಳಿಯಲ್ಲಿ ತೆಗೆದ ವಿಡಿಯೋ ಸಂಜೆಗೆ ಕುಂದಗೋಳದ ಎಲ್ಲ ಮೊಬೈಲುಗಳಲ್ಲಿ ಇರುತ್ತದೆ. ಮತ್ತೆ ಅಳಿಸುವ ಬಗೆಯಿಲ್ಲ.

ಹೆಸರಿಲ್ಲದ ಕಥೆಗೆ ಜನ ತಾವೇ ಒಂದು ಹೆಸರನ್ನು ಅಂಟಿಸಿಬಿಡುವ ಅಪಾಯವೂ ಇದೆ. ಇದಕ್ಕೆ ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿಯೇ ದೊಡ್ಡ ನಿದರ್ಶನವಿದೆ. ಯೇಸುಸ್ವಾಮಿಯ ಪಾದಗಳನ್ನು ಕಣ್ಣೀರಿನಿಂದ ತೊಳೆದ ಸ್ತ್ರೀಯ ಹೆಸರನ್ನು ಸಂತ ಲೂಕರು ತಮ್ಮ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಹೇಳಲಿಲ್ಲ. 591ರಲ್ಲಿ ಪೋಪ್ ಮಹಾ ಗ್ರೆಗೋರಿಯವರು ತಮ್ಮ ಪ್ರಬೋಧನೆಯಲ್ಲಿ ಆಕೆಯನ್ನು ಮಗ್ದಲದ ಮರಿಯಳೆಂದು ಗುರುತಿಸಿದರು. ಅಂದಿನಿಂದ ಪಾಶ್ಚಾತ್ಯ ಧರ್ಮಸಭೆಯ ಚಿತ್ರಗಳಲ್ಲಿ, ನಾಟಕಗಳಲ್ಲಿ, ಪ್ರಸಂಗಗಳಲ್ಲಿ ಪುನರುತ್ಥಾನದ ಮೊದಲ ಸಾಕ್ಷಿಯಾದ ಆ ಮಹಾತಾಯಿ ಪತಿತೆಯಾಗಿಯೇ ಉಳಿದರು. 1969ರಲ್ಲಿ ರೋಮನ್ ಪಂಚಾಂಗ ಪರಿಷ್ಕರಣೆಯಾದಾಗ ಈ ಬೆರಕೆಯನ್ನು ಕೈಬಿಡಲಾಯಿತು. 2016ರಲ್ಲಿ ಅವರ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಲಾಯಿತು. ಆದರೂ ಕೇಳಿ ನೋಡಿ, ಇಂದಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಮಗ್ದಲದ ಮರಿಯಳೆಂದರೆ ಮೊದಲು ನೆನಪಾಗುವುದು ಅವರದಲ್ಲದ ಆ ಕಥೆಯೇ. ಹದಿನಾಲ್ಕು ಶತಮಾನದ ಮಾತು ಹದಿನೈದು ನಿಮಿಷದ ಸ್ಪಷ್ಟೀಕರಣಕ್ಕೆ ಅಳಿಯುವುದಿಲ್ಲ.

‘ಹೂಂನ್ರಿ’ ಎಂಬ ಉತ್ತರ

ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಕಥೆಯನ್ನು ಬಳಸಿದ್ದೇವೆ ಎಂಬ ಸಮಜಾಯಿಷಿ ಸಾಮಾನ್ಯ. ಧಾರವಾಡ ಸೀಮೆಯ ನಡೆನುಡಿ ಬಲ್ಲವರಿಗೆ ಇಲ್ಲಿ ಒಂದು ಸೂಕ್ಷ್ಮ ಹೊಳೆಯದೆ ಇರದು. ಹೊಲಿಗೆ ಯಂತ್ರ ಕೊಟ್ಟವರು, ಮಗನನ್ನು ಹಾಸ್ಟೆಲಿಗೆ ಸೇರಿಸಿದವರು, ಸ್ವಸಹಾಯ ಸಂಘದ ಸಾಲಕ್ಕೆ ಸಹಿ ಹಾಕಿದವರು, ಕಷ್ಟಕಾಲದಲ್ಲಿ ಮನೆಗೆ ಬಂದು ಪ್ರಾರ್ಥಿಸಿದ ಗುರುಗಳು ಅಥವಾ ಕನ್ಯಾಸ್ತ್ರೀಯರು ಎದುರಿಗೆ ನಿಂತು, “ನಿನ್ನ ಕಥೆ ನಾಲ್ಕು ಮಂದಿಗೆ ಹೇಳ್ತೀಯೇನವಾ?” ಎಂದು ಕೇಳಿದರೆ ನಮ್ಮ ಹೆಣ್ಣುಮಗಳು ಏನೆಂದಾಳು? “ಹೂಂನ್ರಿ” ಎನ್ನುತ್ತಾಳೆ. ಆ ಹೂಂಕಾರದಲ್ಲಿ ಗೌರವವಿದೆ, ಉಪಕಾರದ ಸ್ಮರಣೆಯಿದೆ, ಮುಂದಿನ ತಿಂಗಳ ನೆರವು ನಿಂತೀತೆಂಬ ಅಂಜಿಕೆಯಿದೆ. ಒಪ್ಪಿಗೆಯೊಂದು ಇದೆಯೆಂದು ನಂಬುವುದು ಕಷ್ಟ. ಅವಳ ನಿಜವಾದ ಒಪ್ಪಿಗೆ ಬೇಕಾದರೆ ಅದಕ್ಕೆ ಮೊದಲು ಅವಳ ‘ಒಲ್ಲೆ’ಗೆ ಜಾಗವಿರಬೇಕು. “ನೀ ಒಲ್ಲೆ ಅಂದ್ರೂ ನಿನಗ ಬರೂದು ಬರತೈತಿ, ನಮಗೇನೂ ಸಿಟ್ಟಿಲ್ಲ” ಎಂದು ಮೊದಲೇ ಹೇಳಿ, ನೆರವಿಗೂ ಕಥೆಗೂ ಸಂಬಂಧವಿಲ್ಲವೆಂದು ಕೃತಿಯಲ್ಲಿ ತೋರಿಸಿ, ಆಮೇಲೆ ಕೇಳಬೇಕು. ಕೇಳುವವರು ನೆರವು ಕೊಟ್ಟವರಲ್ಲದೆ ಬೇರೆಯವರಾದರೆ ಇನ್ನೂ ಉತ್ತಮ.

ಒಪ್ಪಿಗೆಯ ಪತ್ರವೆಂಬುದು ಎಷ್ಟೋ ಸಲ ಇಂಗ್ಲಿಷಿನಲ್ಲಿರುತ್ತದೆ, ಕೆಳಗೆ ಹೆಬ್ಬೆಟ್ಟಿನ ಗುರುತಿರುತ್ತದೆ. ಕಾಗದಕ್ಕೆ ಅಷ್ಟು ಸಾಕು. ಆದರೆ ಏನು ಬರೆಯಲಾಗಿದೆಯೋ ಅದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದವರಾರು? ತೆಗೆದ ಚಿತ್ರವನ್ನು ತೋರಿಸಿದವರಾರು? ಎರಡು ವರ್ಷದ ನಂತರ ಅವಳ ಮಗಳ ಮದುವೆಯ ಮಾತುಕತೆ ನಡೆಯುವಾಗ ಅದೇ ಚಿತ್ರ ಮತ್ತೆ ಕ್ಯಾಲೆಂಡರಿನಲ್ಲಿ ಬರಬಹುದೆ ಎಂದು ಮರಳಿ ಕೇಳಿದವರಾರು?

ಈ ಪ್ರಶ್ನೆಗಳು ಕಲ್ಪನೆಯವಲ್ಲ. 2010ರಲ್ಲಿ ವಿದೇಶಿ ಮಾಧ್ಯಮ ಸಂಸ್ಥೆಯೊಂದು ದೇವದಾಸಿಯರ ಕುರಿತು ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರವನ್ನು ಅಂತರಜಾಲದಲ್ಲಿ ಬಿಡುಗಡೆ ಮಾಡಿತು. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದ ಸಾಂಗ್ಲಿಯಲ್ಲಿಯೂ ಅದರ ಚಿತ್ರೀಕರಣ ನಡೆದಿತ್ತು. ಸಾಂಗ್ಲಿಯ ಆ ಓಣಿಗಳಲ್ಲಿ ಕನ್ನಡ ಮಾತನಾಡುವ, ನಮ್ಮ ಕಡೆಯಿಂದಲೇ ಹೋದ ಹೆಣ್ಣುಮಕ್ಕಳು ಬಹಳ. ಚಿತ್ರವನ್ನು ನೋಡಿದ ಅಲ್ಲಿನ ‘ವ್ಯಾಂಪ್’ ಎಂಬ ಮಹಿಳಾ ಸಂಘಟನೆಯವರು ಕ್ಯಾಮೆರಾದ ಎದುರು ತಾವೇ ಕುಳಿತು ಉತ್ತರವನ್ನು ಚಿತ್ರೀಕರಿಸಿ ಲೋಕದ ಮುಂದಿಟ್ಟರು. ತಮ್ಮ ನಂಬಿಕೆಯನ್ನು ದುರುಪಯೋಗಪಡಿಸಿಕೊಳ್ಳಲಾಗಿದೆ, ತಮ್ಮ ಬದುಕನ್ನು ವಿಕೃತವಾಗಿ ತೋರಿಸಲಾಗಿದೆ, ತಮ್ಮವರ ಆರೋಗ್ಯದ ಗುಟ್ಟನ್ನು ಬಯಲು ಮಾಡಲಾಗಿದೆ ಎಂಬುದು ಅವರ ಆಕ್ಷೇಪ. ಆ ಸಂಘಟನೆ ತನ್ನ ಸದಸ್ಯೆಯರ ವೃತ್ತಿಯನ್ನು ನೋಡುವ ರೀತಿ ನಮ್ಮ ಧರ್ಮಸಭೆಯ ಬೋಧನೆಗೆ ಹೊಂದುವಂತಹುದಲ್ಲ. ಅವರು ತಮ್ಮನ್ನು ‘ಬಲಿಪಶು’ ಎಂದು ಕರೆದುಕೊಳ್ಳುವುದೂ ಇಲ್ಲ. ಅದೇನೇ ಇರಲಿ, ಅವರ ದೂರು ನ್ಯಾಯವಾದದ್ದು. ಮಾತು ಬಲ್ಲ ಸಂಘಟನೆ ಇದ್ದುದರಿಂದ ಅವರಿಗೆ ಉತ್ತರ ಕೊಡುವುದಾದರೂ ಸಾಧ್ಯವಾಯಿತು.

ನಡುವೆ ನಿಲ್ಲಿಸಿದವರು

ನೊಂದವರನ್ನು ನೋಟವಾಗಿಸುವ ಚಾಳಿ ಇಂದಿನದಲ್ಲ. ಅಣ್ಣಿಗೇರಿಯಲ್ಲಿ 2010ರಲ್ಲಿ ಚರಂಡಿ ಅಗೆಯುವಾಗ ನೂರಾರು ತಲೆಬುರುಡೆಗಳು ಸಾಲುಸಾಲಾಗಿ ಸಿಕ್ಕಿದ್ದನ್ನು ವಾಚಕರು ಮರೆತಿರಲಾರರು. ಹದಿನೆಂಟನೆಯ ಶತಮಾನದ ಕೊನೆಯ ಡೋಗಿ ಬರಕ್ಕೆ ಬಲಿಯಾದವರವು ಎಂಬ ಅಭಿಪ್ರಾಯ ಪರೀಕ್ಷೆಗಳ ನಂತರ ಬಂತು. ಆ ಬರದಲ್ಲಿ ಬದುಕುಳಿದ ಬಡವನೊಬ್ಬ ಹೇಳಿದ ಕಥೆ ನಮಗೆ ಉಳಿದಿಲ್ಲ. ನೂರು ವರ್ಷದೊಳಗೆ ಮತ್ತೊಂದು ಮಹಾಕ್ಷಾಮ ಬಂತು, 1876ರಿಂದ 78ರವರೆಗೆ. ನಮ್ಮ ಹಿರಿಯರು ಧಾತು ಬರವೆನ್ನುತ್ತಿದ್ದುದು ಇದನ್ನೇ. ಆ ಹೊತ್ತಿಗೆ ಛಾಯಾಚಿತ್ರ ಬಂದಿತ್ತು. ಮದರಾಸಿನಲ್ಲಿದ್ದ ಸೈನ್ಯಾಧಿಕಾರಿ ಹೂಪರ್ ಎಂಬಾತ ಎಲುಬಿನ ಹಂದರಗಳಾಗಿದ್ದ ಗಂಡಸರು, ಹೆಂಗಸರು, ಮಕ್ಕಳನ್ನು ಗುಂಪಾಗಿ ಕೂರಿಸಿ ಚಿತ್ರ ತೆಗೆದ. ಆ ಚಿತ್ರಗಳು ಇಂಗ್ಲೆಂಡಿನಲ್ಲಿ ಕಣ್ಣೀರನ್ನೂ ಹಣವನ್ನೂ ಬರಿಸಿರಬಹುದು. ಚಿತ್ರ ತೆಗೆದ ಮೇಲೆ ಇವನು ಅವರಿಗೆ ಊಟ ಹಾಕಿದನೆ ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಅಣ್ಣಿಗೇರಿಯ ಬುರುಡೆಗಳಿಗೆ ಮುಖವಿಲ್ಲ. ಹೂಪರನ ಚಿತ್ರಗಳಲ್ಲಿ ಮುಖಗಳಿವೆ, ಒಂದಕ್ಕೂ ಹೆಸರಿಲ್ಲ, ಒಂದಕ್ಕೂ ಮಾತಿಲ್ಲ. 1984-85ರ ಇಥಿಯೋಪಿಯಾದ ಕ್ಷಾಮದ ಚಿತ್ರಗಳು ಟಿ.ವಿ.ಯಲ್ಲಿ ಜಗತ್ತನ್ನು ಅಳಿಸಿದ ಮೇಲೆಯೇ ಯುರೋಪಿನ ಸೇವಾಸಂಸ್ಥೆಗಳಿಗೆ ಇದು ಸಲ್ಲದೆಂಬ ಅರಿವು ಬಂದು, 1989ರಲ್ಲಿ ಚಿತ್ರ ಹಾಗೂ ಸಂದೇಶಗಳ ಬಳಕೆಗೆ ಒಂದು ನೀತಿಸಂಹಿತೆಯನ್ನು ಒಪ್ಪಿಕೊಂಡವು.

ಶುಭಸಂದೇಶದಲ್ಲಿ ಇದಕ್ಕಿಂತ ಹಳೆಯ ನೀತಿಯಿದೆ. ಸಂತ ಯೊವಾನ್ನರು ಬರೆದ ಶುಭಸಂದೇಶದ ಎಂಟನೆಯ ಅಧ್ಯಾಯವನ್ನು ನಾವು ಕ್ಷಮೆಯ ಪಾಠವಾಗಿ ಓದುತ್ತೇವೆ. ಅದನ್ನು ಇನ್ನೊಂದು ಕಣ್ಣಿನಿಂದಲೂ ಓದಬಹುದು. ಧರ್ಮಶಾಸ್ತ್ರಿಗಳು ಒಬ್ಬ ಹೆಣ್ಣನ್ನು ಹಿಡಿದು ತಂದು ಎಲ್ಲರ ನಡುವೆ ನಿಲ್ಲಿಸಿದರು. ಅವರಿಗೆ ಆಕೆಯ ಚಿಂತೆ ಇರಲಿಲ್ಲ. ಬೇಕಾಗಿದ್ದುದು ಸ್ವಾಮಿಯನ್ನು ಮಾತಿನಲ್ಲಿ ಸಿಕ್ಕಿಸುವುದು. ಆಕೆ ಅವರ ವಾದಕ್ಕೆ ಒಂದು ಉದಾಹರಣೆ, ಅಷ್ಟೆ. ಎಲ್ಲರ ಕಣ್ಣೂ ಆಕೆಯ ಮೇಲಿದ್ದಾಗ ಸ್ವಾಮಿ ಬಾಗಿ ನೆಲದ ಮೇಲೆ ಬರೆಯತೊಡಗಿದರು. ನೋಡುವ ಕಣ್ಣುಗಳ ಸಾಲಿನಿಂದ ತಮ್ಮ ಕಣ್ಣನ್ನು ಹಿಂದಕ್ಕೆ ತೆಗೆದುಕೊಂಡರು. ನೋಡುವವರೆಲ್ಲ ಹೊರಟುಹೋದ ಮೇಲಷ್ಟೇ ಆಕೆಯೊಡನೆ ಮಾತನಾಡಿದರು. ಯಾಯಿರನ ಮಗಳನ್ನು ಬದುಕಿಸುವ ಮೊದಲು ಮನೆಯಲ್ಲಿ ನೆರೆದ ಗದ್ದಲದವರನ್ನು ಹೊರಗೆ ಕಳುಹಿಸಿ, ತಾಯಿತಂದೆ ಹಾಗೂ ಮೂವರು ಶಿಷ್ಯರನ್ನಷ್ಟೇ ಉಳಿಸಿಕೊಂಡರು. ಹೊರಗೆ ಹೇಳಬೇಡಿರೆಂದೂ ಮಗುವಿಗೆ ಊಟ ಕೊಡಿರೆಂದೂ ಆಜ್ಞಾಪಿಸಿದರು. ಇತ್ತ ಸಮಾರ್ಯದ ಸ್ತ್ರೀ ಬಾವಿಯ ಬಳಿ ಕೊಡವನ್ನು ಬಿಟ್ಟು ತಾನೇ ಊರೊಳಗೆ ಓಡಿ ತನ್ನ ಕಥೆ ಹೇಳಿದಾಗ ಸ್ವಾಮಿ ತಡೆಯಲಿಲ್ಲ.

ಕಾನೂನು ಕೂಡ ಈ ದಿಕ್ಕಿನಲ್ಲಿಯೇ ಇದೆ, ಮತ್ತು ಅದನ್ನು ನಮ್ಮ ಶಾಲೆ, ಸಂಘಗಳ ಪದಾಧಿಕಾರಿಗಳು ತಿಳಿದಿರಬೇಕು. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು ಹಿಂದೆ ಭಾರತೀಯ ದಂಡ ಸಂಹಿತೆಯ 228ಎ ಕಲಮಿನ ಪ್ರಕಾರ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನ ಪ್ರಕಾರ, ಎರಡು ವರ್ಷದವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಹೆಸರಷ್ಟೇ ಅಲ್ಲ, ಗುರುತು ಹತ್ತುವಂತಹ ಯಾವ ವಿವರವೂ ಸಲ್ಲದು. ಇದನ್ನು ಸುಪ್ರೀಂ ಕೋರ್ಟು 2018ರ ಡಿಸೆಂಬರ್ 11ರ ನಿಪುಣ್ ಸಕ್ಸೇನಾ ಪ್ರಕರಣದ ತೀರ್ಪಿನಲ್ಲಿ ಒತ್ತಿ ಹೇಳಿತು. ಸತ್ತವರಿಗೂ ಈ ಮರ್ಯಾದೆ ಸಲ್ಲುತ್ತದೆ ಎಂದಿತು. ವಯಸ್ಸಿಗೆ ಬಂದವರು ತಾವೇ ಲಿಖಿತ ಅನುಮತಿ ಕೊಟ್ಟರೆ ಮಾತು ಬೇರೆ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆಯ 23ನೆಯ ಕಲಮು ಇನ್ನೂ ಬಿಗಿ: ತಾಯಿತಂದೆ ಒಪ್ಪಿದರೂ ಸಾಲದು, ವಿಶೇಷ ನ್ಯಾಯಾಲಯವೇ ಮಗುವಿನ ಹಿತಕ್ಕಾಗಿ ಅನುಮತಿ ಕೊಡಬೇಕು. ಎಚ್‌.ಐ.ವಿ. ಸೋಂಕಿತರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಬಾಯಿ ಮುಚ್ಚಿಸುವುದು ಬೇರೆ

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಹೀಗೆ ಎಲ್ಲವನ್ನೂ ಮುಚ್ಚಿಟ್ಟರೆ ಲಾಭ ಯಾರಿಗೆ? ತಪ್ಪಿತಸ್ಥನಿಗಲ್ಲವೆ? ಮನೆತನದ ಮಾನ, ಸಂಸ್ಥೆಯ ಮಾನ, ಜಾತಿಯ ಮಾನ ಎಂದು ಎಷ್ಟು ಹೆಣ್ಣುಮಕ್ಕಳ, ಎಷ್ಟು ಎಳೆಯರ ಬಾಯಿಯನ್ನು ಕಟ್ಟಲಾಗಿಲ್ಲ? ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವಂತಿಲ್ಲ; ಕಥೋಲಿಕರಾದ ನಾವಂತೂ ಕಾಣಲೇಬಾರದು. ಜಗತ್ತಿನ ಹಲವು ದೇಶಗಳಲ್ಲಿ ಯಾಜಕರಿಂದ ಮಕ್ಕಳ ಮೇಲಾದ ದೌರ್ಜನ್ಯಗಳು ದಶಕಗಟ್ಟಲೆ ‘ಗೋಪ್ಯತೆ’ಯ ಹೆಸರಿನಲ್ಲಿ ಹೂತುಹೋಗಿದ್ದವು. ನೊಂದವರು ತಾವಾಗಿ ಎದ್ದು ನಿಂತು ಹೇಳದಿದ್ದರೆ ಅವು ಹೊರಬರುತ್ತಿರಲಿಲ್ಲ. ದಿವಂಗತ ಪೋಪ್ ಫ್ರಾನ್ಸಿಸ್ ಅವರು 2019ರ ಫೆಬ್ರವರಿಯಲ್ಲಿ ಜಗತ್ತಿನ ಧರ್ಮಾಧ್ಯಕ್ಷರ ಪ್ರತಿನಿಧಿಗಳನ್ನು ವ್ಯಾಟಿಕನ್ನಿನಲ್ಲಿ ಸೇರಿಸಿದಾಗ, ಮೊದಲ ದಿನವೇ ನೊಂದವರ ಸಾಕ್ಷ್ಯಗಳನ್ನು ಹೆಸರು ಹೇಳದೆ ಕೇಳಿಸಲಾಯಿತು. ಅದೇ ವರ್ಷದ ಡಿಸೆಂಬರ್ 17ರಂದು ಇಂತಹ ಪ್ರಕರಣಗಳಿಗೆ ಅನ್ವಯಿಸುತ್ತಿದ್ದ ‘ಪೊಂಟಿಫಿಕಲ್ ಗೋಪ್ಯ’ವನ್ನು ಅವರು ರದ್ದುಪಡಿಸಿದರು. ದೂರು ಕೊಟ್ಟವರ ಮೇಲಾಗಲಿ ನೊಂದವರ ಮೇಲಾಗಲಿ ಮೌನದ ಕಟ್ಟು ಹಾಕಬಾರದು ಎಂದ ಆ ಆಜ್ಞೆಯೇ, ಸಂಬಂಧಪಟ್ಟವರೆಲ್ಲರ ಹೆಸರು, ಖಾಸಗಿತನಗಳನ್ನು ಕಾಪಾಡಬೇಕು ಎಂದೂ ಹೇಳಿತು.

ಎರಡು ಮಾತುಗಳು ಒಂದಕ್ಕೊಂದು ವಿರೋಧವೆಂದು ಕಾಣಬಹುದು, ಅಲ್ಲ. ನೊಂದವಳು ಹೇಳಬೇಕೆಂದಾಗ ತಡೆಯುವುದೂ, ಹೇಳಬಾರದೆಂದಾಗ ಹೇಳಿಸುವುದೂ ಒಂದೇ ಬೇರಿನ ಎರಡು ಕೊಂಬೆಗಳು. ಎರಡರಲ್ಲಿಯೂ ಕಥೆಯ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿರುತ್ತದೆ. ಹಾಗೆಯೇ ಊರಿಗೆ ಹೇಳದಿರುವುದೆಂದರೆ ಪೊಲೀಸರಿಗೆ ಹೇಳದಿರುವುದು ಎಂದಲ್ಲ. ಮಗುವಿನ ಮೇಲಾದ ಲೈಂಗಿಕ ದೌರ್ಜನ್ಯ ಗೊತ್ತಾದವರು ಅದನ್ನು ವರದಿ ಮಾಡಲೇಬೇಕೆಂದು ಪೋಕ್ಸೋ ಕಾಯ್ದೆ ವಿಧಿಸುತ್ತದೆ. ಧರ್ಮಕೇಂದ್ರವಾಗಲಿ ಶಾಲೆಯಾಗಲಿ ಇದಕ್ಕೆ ಹೊರತಲ್ಲ. ಮಾಡಬೇಕಾದಲ್ಲಿ ದೂರು ಮಾಡದೆ, ಮಾಡಬಾರದಲ್ಲಿ ಪ್ರಚಾರ ಮಾಡುವುದು ನಮ್ಮಲ್ಲಿ ಆಗಾಗ ಕಾಣುವ ತಲೆಕೆಳಗಿನ ನಡೆ.

ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ಬಗೆಯ ನೋವಿದೆ. ಮಳೆ ಕೈಕೊಟ್ಟು, ಹತ್ತಿ, ಮೆಣಸಿನಕಾಯಿ, ಈರುಳ್ಳಿಗಳ ಬೆಲೆ ಬಿದ್ದು, ಸಾಲಕ್ಕೆ ಅಂಜಿ ಜೀವ ಕಳೆದುಕೊಂಡ ರೈತರ ಮನೆಗಳದು. ಆ ಮನೆಗಳಿಗೆ ಪರಿಹಾರ ತಲುಪಿಸುವಾಗ, ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಕೆಳಗೆ ಮಾಡಿದ ಹೆಂಗಸಿನ ಕೈಗೆ ಚೆಕ್ಕು ಕೊಟ್ಟು, ಸುತ್ತ ಏಳೆಂಟು ಗಣ್ಯರು ನಿಂತ ಛಾಯಾಚಿತ್ರವನ್ನು ನೋಡದವರಿಲ್ಲ. ಅವಳ ಪಕ್ಕದಲ್ಲಿ ಶಾಲೆಯ ಸಮವಸ್ತ್ರದ ಮಗು. ನಾಳೆ ಆ ಮಗು ತರಗತಿಯಲ್ಲಿ ಏನಾಗಿ ಕೂರಬೇಕು? ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನವನ್ನು ವರ್ಣಿಸಬಾರದು, ರಂಜಿತ ಶೀರ್ಷಿಕೆ ಕೂಡದು, ಚಿತ್ರಗಳನ್ನು ಹಾಕಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಚೆಕ್ಕಿನ ಚಿತ್ರಕ್ಕೆ ಯಾವ ಮಾರ್ಗಸೂಚಿಯೂ ಬೇಕಾಗಿಲ್ಲ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದೆಂಬ ಬೋಧೆ ಕೇಳಿ ಬೆಳೆದ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕೆ?

ಹಾಗಿದ್ದರೆ ಜಾಗೃತಿ ಹೇಗೆ? ಕಥೆಯಿಲ್ಲದೆ ಜನರ ಮನಸ್ಸು ತಟ್ಟುವುದುಂಟೆ? ಉಂಟು ಎನ್ನಬೇಕಾಗುತ್ತದೆ. ಕೆಲಸ ಕೊಡಿಸುವೆನೆಂದು ಹುಡುಗಿಯರನ್ನು ಊರು ಬಿಡಿಸುವವನು ಹೇಗೆ ಮಾತನಾಡುತ್ತಾನೆ, ಮುಂಗಡ ಹಣವನ್ನು ಯಾರ ಕೈಗೆ ಕೊಡುತ್ತಾನೆ, ಫೋನ್ ನಂಬರ್ ಯಾಕೆ ಬದಲಿಸುತ್ತಿರುತ್ತಾನೆ ಎಂಬುದನ್ನು ತಿಳಿಸಿದರೆ ತಾಯಂದಿರು ಕಿವಿಗೊಟ್ಟು ಕೇಳುತ್ತಾರೆ. ಅದು ಅಪರಾಧಿಯ ಕಥೆ; ಅದನ್ನು ಎಷ್ಟು ಬಯಲು ಮಾಡಿದರೂ ದೋಷವಿಲ್ಲ. ನಮ್ಮ ಪ್ರಚಾರಗಳು ನೊಂದವಳ ಕಣ್ಣೀರಿನ ಮೇಲೆ ಬೆಳಕು ಚೆಲ್ಲಿ, ನೋಯಿಸಿದವನನ್ನು ಕತ್ತಲಲ್ಲಿ ಬಿಡುವುದೇಕೋ ತಿಳಿಯದು. ಬೀದಿನಾಟಕವೂ ಉತ್ತಮ ದಾರಿ. ಹಲವರ ಅನುಭವಗಳನ್ನು ಬೆರೆಸಿ, ಯಾರದೆಂದು ಗುರುತು ಹತ್ತದ ಊರು, ಹೆಸರು, ಕಸುಬು ಕೊಟ್ಟು ಕಟ್ಟಿದ ಪಾತ್ರ ಜನರನ್ನು ಅಳ್ಳಾಡಿಸಬಲ್ಲದು. ಅದು ಕಟ್ಟಿದ ಕಥೆಯೆಂದು ಮೊದಲೇ ಹೇಳಿಬಿಟ್ಟರಾಯಿತು. ನೊಂದವರೇ ಮಾತನಾಡಬೇಕೆಂದು ಬಯಸಿ ಬಂದರೆ, ಜೊತೆಗೆ ಅವರ ಆಪ್ತರೊಬ್ಬರಿರಲಿ, ಸಭಿಕರ ಪ್ರಶ್ನೆಗಳನ್ನು ಬರಹದಲ್ಲಿ ಪಡೆದು ಸೋಸಿ ಕೊಡಲಿ, ಮೊಬೈಲುಗಳನ್ನು ಕೆಳಗಿಡಿಸಲಿ, ಮಾತು ಅರ್ಧಕ್ಕೆ ನಿಂತರೆ ಒತ್ತಾಯಿಸದಿರಲಿ. ಸಭೆ ಮುಗಿದ ಮರುವಾರ ಯಾರಾದರೂ ಅವರ ಮನೆಗೆ ಹೋಗಿ ಹೇಗಿದ್ದೀರಿ ಎಂದು ಕೇಳಲಿ. ಸಾಮಾನ್ಯವಾಗಿ ಮರೆತುಹೋಗುವುದು ಈ ಕೊನೆಯದು.

ಯಾವ ದಾಖಲೆಯಲ್ಲಿ ಎಷ್ಟು ಹೇಳಬೇಕು ಎಂಬ ಪ್ರಶ್ನೆಯೂ ಚಿಕ್ಕದಲ್ಲ. ದೇವದಾಸಿಯರ ಮಕ್ಕಳು ಶಾಲೆಯ ಅರ್ಜಿಯಿಂದ ಹಿಡಿದು ಪ್ರತಿಯೊಂದು ಸರಕಾರಿ ಕಾಗದದಲ್ಲಿ ‘ತಂದೆಯ ಹೆಸರು’ ಎಂಬ ಕಲಮಿನ ಮುಂದೆ ಪೆನ್ನು ನಿಲ್ಲಿಸಿಕೊಂಡು ಕೂರಬೇಕಾಗುತ್ತಿತ್ತು. ಗುಮಾಸ್ತನೊಬ್ಬ ಸರದಿಯ ಸಾಲಿನ ಎದುರಿಗೆ “ಯಾಕ, ಅಪ್ಪನ ಹೆಸರು ಬರದಿಲ್ಲಲ್ಲ?” ಎಂದು ಗಟ್ಟಿಯಾಗಿ ಕೇಳಿದರೆ ಸಾಕು, ಮೈಕಿಲ್ಲದೆ, ವೇದಿಕೆಯಿಲ್ಲದೆ ಆ ಮಗುವಿನಿಂದ ತಾಯಿಯ ಕಥೆಯನ್ನು ಹೇಳಿಸಿದಂತೆಯೇ. ರಾಜ್ಯದ ವಿಧಾನಮಂಡಲವು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಹೊಸ ದೇವದಾಸಿ ವಿಧೇಯಕದಲ್ಲಿ ತಂದೆಯ ಹೆಸರನ್ನು ನಮೂದಿಸುವಂತೆ ಆ ಮಕ್ಕಳನ್ನು ಒತ್ತಾಯಿಸಬಾರದೆಂಬ ಅಂಶ ಸೇರಿದೆ. ಅದನ್ನು ರೂಪಿಸುವಾಗ ಆ ಸಮುದಾಯದ ಮಹಿಳೆಯರ, ಮಕ್ಕಳ ಮಾತನ್ನೂ ಕೇಳಲಾಗಿತ್ತು. ನಮ್ಮ ಧರ್ಮಕೇಂದ್ರಗಳ ದೀಕ್ಷಾಸ್ನಾನದ ದಾಖಲೆಗಳು, ಶಾಲಾ ಪ್ರವೇಶದ ಅರ್ಜಿಗಳು, ಹಾಸ್ಟೆಲಿನ ನೋಂದಣಿ ಪುಸ್ತಕಗಳು ಈ ವಿಷಯದಲ್ಲಿ ಏನು ಕೇಳುತ್ತವೆ, ಯಾರ ಎದುರಿಗೆ ಕೇಳುತ್ತವೆ ಎಂಬುದನ್ನು ಮುಂದಿನ ಧರ್ಮಕೇಂದ್ರ ಪಾಲನಾ ಪರಿಷತ್ತಿನ ಸಭೆಯಲ್ಲಿ ಒಮ್ಮೆ ತೆರೆದು ನೋಡಬಹುದು. ಜೂನ್ ತಿಂಗಳ ಪ್ರವೇಶಕ್ಕೆ ಮೊದಲೇ ಆದರೆ ಒಳಿತು.